ಭಂಡಾರದ ಹಳದಿ ಮತ್ತು ಕಾಕಾನ ಡಾರ್ಕ್‌ರೂಮು

ಬ್ಲಾಗಿನ ಕಡೆ ತಲೆ ಹಾಕದೇ ಬಹಳ ದಿನ ಆಗಿತ್ತು. ಬರೀಬೇಕು ಅಂತ ಕೂತಾಗೆಲ್ಲ ಆಫೀಸಿನ ಒಂದಲ್ಲ ಒಂದು ರಿಲೀಸು ಅಡ್ಡ ಬರ್ತಿತ್ತು. ಈ ಸಲ ಬರೆಯೋಕೆ ಒಂದು ನೆಪ ಸಿಕ್ಕಿದೆ. ಹೊಸದಾಗಿ ಕ್ಯಾಮೆರಾ ಕೊಂಡ ಗೆಳೆಯರು ನನಗೆ ಪದೇ ಪದೇ ಕೇಳೋ ಪ್ರಶ್ನೆ ಒಂದಿದೆ. "ಜೆಪೆಗ್ ಚೆನ್ನಾಗೇ ಬರುತ್ತಲ್ಲ ಮಾರಾಯ, ಈ ರಾ ಫೈಲು, ಅದನ್ನ ಡೆವಲಪ್ ಮಾಡೋದು, ಇವೆಲ್ಲ ಯಾಕೆ ಬೇಕು?" ಒಂದು ಸಾಲಿನಲ್ಲಿ ಉತ್ತರ ಹೇಳಿದ್ರೆ ಯಾರೂ ನಂಬಲ್ಲ. ಸರಿಯಾಗಿ ಹೇಳ್ಬೇಕು ಅಂದ್ರೆ ನಮ್ಮ ಕಾಕಾ, ನಮ್ಮ ಆಯಿ ಮತ್ತೆ ಚಿಂಚಲಿ ಜಾತ್ರೆ, ಮೂರೂ ಬೇಕು. ಸ್ವಲ್ಪ ಉದ್ದ ಆಗುತ್ತೆ, ಚಾ ತಗೊಂಡು ಕೂತ್ಕೊಳ್ಳಿ :)

ನಮ್ಮದು ಚಿಕ್ಕೋಡಿ. ಬೆಳಗಾವಿ ಜಿಲ್ಲೆಯ ಉತ್ತರದ ತುದಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂತ ಐದು ತಾಲೂಕು ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಕೃಷ್ಣೆ, ದೂಧಗಂಗೆ, ವೇದಗಂಗೆ ಹರಿಯೋ ನೆಲ. ಎಲ್ಲಿ ನೋಡಿದ್ರೂ ಕಬ್ಬು. ಮನೇಲಿ ಕನ್ನಡ, ಸಂತೇಲಿ ಅರ್ಧ ಮರಾಠಿ, ದವಾಖಾನೆ ಅಂದ್ರೆ ಮೀರಜ. ಕಾಕಾನ ಫೋಟೋ ಸ್ಟುಡಿಯೋ ಇರೋದು ರಾಯಬಾಗದಲ್ಲಿ. ಸ್ಟುಡಿಯೋ ಅಂದ್ರೆ ಒಂದು ಶಟರ್, ಒಳಗೆ ನೀಲಿ ಪರದೆ, ಒಂದು ಸ್ಟೂಲು, ಮೂಲೇಲಿ ಕಂಪ್ಯೂಟರ್. ಆಧಾರ್ ಸೈಜು, ಪಾಸ್‌ಪೋರ್ಟ್ ಸೈಜು ದಿನದ ಖರ್ಚಿಗೆ. ಮದುವೆ ಸೀಜನ್ನು ವರ್ಷದ ಖರ್ಚಿಗೆ.

ಕಾಕಾಗೆ ಈಗ ಐವತ್ತೇಳು. ಹದಿನಾರು ವರ್ಷ ಇದ್ದಾಗ ಮೀರಜದ ಒಂದು ಸ್ಟುಡಿಯೋದಲ್ಲಿ ಡಾರ್ಕ್‌ರೂಮ್ ಹುಡುಗನಾಗಿ ಸೇರಿದವನು. ಕೆಂಪು ದೀಪದ ಕೆಳಗೆ ಟ್ರೇ ಅಲ್ಲಾಡಿಸ್ತಾ ಕೆಲಸ ಕಲಿತವನು. ಮೊದಲ ಟ್ರೇ ಡೆವಲಪರ್, ಎರಡನೆಯದು ಸ್ಟಾಪ್ ಬಾತ್, ಮೂರನೆಯದು ಹೈಪೋ. ಹೈಪೋ ಅಂದ್ರೆ ಸೋಡಿಯಂ ಥಯೋಸಲ್ಫೇಟ್ ಅಂತ ನಾನು ಪಿಯುಸಿ ಕೆಮಿಸ್ಟ್ರಿ ಓದೋವಾಗ ಹೇಳಿದ್ದಕ್ಕೆ, "ಹೆಸರ ಏನರ ಇರಲಿ, ಅದರ ವಾಸನಿ ಇನ್ನೂ ನನ್ನ ಉಗುರಾಗ ಐತಿ" ಅಂದಿದ್ದ.

ಇಂಥ ಕಾಕಾ ಹೋದ ವರ್ಷ ಫೋನ್ ಮಾಡಿ, "ಸ್ಟುಡಿಯೋ ಬಂದ್ ಮಾಡೂನ ಅಂತ ಮಾಡೇನಿ" ಅಂದ. ಕ್ಯಾಮೆರಾ ಕೆಲಸ ಬೇಸರ ಆಗಿರ್ಲಿಲ್ಲ. ಕಂಪ್ಯೂಟರಿನ ಕೆಲಸ ಬೇಸರ ಆಗಿತ್ತು. ಎಡಿಟಿಂಗ್ ಮಾಡ್ತಿದ್ದ ಹುಡುಗ ಪುಣೆಗೆ ಹೋದ ಮೇಲೆ ಫೋಟೋಗಳನ್ನೆಲ್ಲ ಹತ್ತಿರದ ದೊಡ್ಡ ಊರಿನ ಒಂದು ಲ್ಯಾಬಿಗೆ ಕಳಿಸ್ತಿದ್ದ. ಅವರು ಅಲ್ಲಿ ಒಂದೇ ಪ್ರಿಸೆಟ್ ಒತ್ತಿ ಎಲ್ಲಾ ಫೋಟೋನೂ ತೊಳೆದು ಕಳಿಸೋರು. ಅಥಣಿಯ ಮದುಮಗಳೂ ಬೆಳ್ಳಗೆ, ಕಾಗವಾಡದ ಮದುಮಗಳೂ ಬೆಳ್ಳಗೆ, ಹೊಲದಲ್ಲಿ ದುಡಿದು ಕರ್ರಗಾದ ಮದುಮಗಳ ಅಪ್ಪನೂ ಬೆಳ್ಳಗೆ! "ನಮ್ಮ ಮಂದಿ ಮುಖಾ ನಮ್ಮ ಮಂದಿ ಹಾಂಗ ಕಾಣಂಗಿಲ್ಲಲೇ. ಇದಕ್ಕ ನಾ ಯಾಕ ಬೇಕು?" ಅಂತ ಅವನ ಸಂಕಟ.

ಅದೇ ಹೊತ್ತಿಗೆ ಆಯಿ ತೀರಿಕೊಂಡಳು. ಕಾಕಾನ ತಾಯಿ, ನನ್ನ ಅಜ್ಜಿ. ಎಂಬತ್ತು ದಾಟಿದ್ದಳು. ಗೋಡೆಗೆ ಹಾಕೋಕೆ ಒಂದು ಫೋಟೋ ಬೇಕಲ್ಲ. ಆಯಿ ಫೋಟೋ ತೆಗೆಸಿಕೊಳ್ಳೋಳಲ್ಲ, ಮಗನೇ ಫೋಟೋಗ್ರಾಫರ್ ಆದ್ರೂ. ಅವಳು ನಗ್ತಾ ಇರೋ ಒಂದೇ ಒಂದು ಒಳ್ಳೆ ಫೋಟೋ ಇತ್ತು. 2024ರ ಫೆಬ್ರುವರಿಯಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಕಾಕಾ ತೆಗೆದದ್ದು. ಅದನ್ನ ಲ್ಯಾಬಿಗೆ ಕಳಿಸಿದ. ಮೂರು ದಿನಕ್ಕೆ ದೊಡ್ಡ ಫ್ರೇಮಿನಲ್ಲಿ ಬಂತು. ನಮ್ಮ ದೊಡ್ಡ ಅತ್ತೆ ನೋಡಿ, "ಇದ್ಯಾರದು?" ಅಂದಳು. ಹಾಸ್ಯಕ್ಕೆ ಅಂದದ್ದಲ್ಲ.

ಚಿಂಚಲಿ ಜಾತ್ರೆ ನೋಡಿದವರಿಗೆ ಗೊತ್ತಿರುತ್ತೆ, ನೋಡದವರಿಗೆ ಹೇಳ್ತೀನಿ. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಗೆ ಮಾಯಕ್ಕದೇವಿ ಜಾತ್ರೆ. ಮಹಾರಾಷ್ಟ್ರದಿಂದ ಚಕ್ಕಡಿ ಕಟ್ಟಿಕೊಂಡು ಬರ್ತಾರೆ. ಗಾಳಿಯಲ್ಲೆಲ್ಲ ಭಂಡಾರ. ಅಂದ್ರೆ ಅರಿಶಿನ ಪುಡಿ. ಮುಷ್ಟಿಗಟ್ಟಲೆ ತೂರ್ತಾರೆ. ನೆಲ ಹಳದಿ, ಸೀರೆ ಹಳದಿ, ಎತ್ತಿನ ಕೋಡು ಹಳದಿ, ರೆಪ್ಪೆಗೂದಲು ಹಳದಿ. ಆ ಹಳದಿಯ ನಡುವೆ ಆಯಿ ಹಲ್ಲಿಲ್ಲದ ಬಾಯಿ ಬಿಟ್ಟು ನಗ್ತಿದ್ದಾಳೆ.

ಕ್ಯಾಮೆರಾಕ್ಕೆ ಈ ಹಳದಿ ದೊಡ್ಡ ಸಮಸ್ಯೆ. ಆಟೋ ವೈಟ್ ಬ್ಯಾಲೆನ್ಸ್ ಅನ್ನೋ ಲೆಕ್ಕದ ಹಿಂದಿನ ಹಳೆಯ ಊಹೆ ಏನು ಅಂದ್ರೆ, ಒಂದು ಚಿತ್ರದ ಎಲ್ಲಾ ಬಣ್ಣ ಕೂಡಿಸಿ ಸರಾಸರಿ ತೆಗೆದ್ರೆ ಅದು ಬೂದು ಬರ್ಬೇಕು ಅನ್ನೋದು. ಈಗಿನ ಕ್ಯಾಮೆರಾಗಳು ಇದಕ್ಕಿಂತ ಜಾಣ, ಆದ್ರೂ ಪೂರ್ತಿ ಹಳದಿ ಫ್ರೇಮು ಕಂಡ್ರೆ ಅವಕ್ಕೂ ಗೊಂದಲ. "ಇಲ್ಲಿ ದೀಪದ ಬೆಳಕು ಹಳದಿ ಇದೆ" ಅಂದ್ಕೊಂಡು ಎಲ್ಲಕ್ಕೂ ನೀಲಿ ಬೆರೆಸುತ್ತೆ. ಭಂಡಾರ ಮಾಸಲಾಗುತ್ತೆ, ಮುಖ ಬೂದಿ ಬಡಿದ ಹಾಗೆ ಆಗುತ್ತೆ. ಅದರ ಮೇಲೆ ಲ್ಯಾಬಿನವರು ಬಿಳುಪಿನ ಪ್ರಿಸೆಟ್ ಹೊಡೆದಿದ್ರು. ಭಂಡಾರ ಹೋಯ್ತು, ಆಯಿಯ ಬಣ್ಣ ಹೋಯ್ತು, ಕೆನ್ನೆಯ ಗೆರೆಗಳೂ ಹೋದವು. ಉಳಿದದ್ದು ಒಂದು ಅಪರಿಚಿತ ಮುಖ.

ಆದ್ರೆ ಕಾಕಾ ರಾ ಫೈಲು ಇಟ್ಟಿದ್ದ. ಇಟ್ಟಿದ್ದಕ್ಕೆ ಅವನದೇ ಕಾರಣ ಇದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಕಾಗವಾಡದ ಕಡೆ ಹೊಳೆ ದಂಡೆಯ ನಮ್ಮ ಸಂಬಂಧಿಕರ ಮನೆಗೂ ನೀರು ನುಗ್ಗಿತ್ತು. ಅಲ್ಲಿ ಒಂದು ಟ್ರಂಕಿನಲ್ಲಿ ಕಾಕಾ ಇಟ್ಟಿದ್ದ ಹಳೆಯ ನೆಗೆಟಿವ್‌ಗಳು ಕೆಸರಲ್ಲಿ ಒಂದಕ್ಕೊಂದು ಅಂಟಿ ಇಟ್ಟಿಗೆ ಆಗಿದ್ದವು. ಅಂದಿನಿಂದ ಅವನ ಮಾತು ಒಂದೇ. "ಪ್ರಿಂಟ್ ಹೋದ್ರ ಇನ್ನೊಂದ ಮಾಡಬಹುದು. ನೆಗೆಟಿವ್ ಹೋದ್ರ ಮನಷ್ಯಾನ ಹೋದಾಂಗ." ರಾ ಫೈಲೇ ಈಗಿನ ನೆಗೆಟಿವ್ ಅಂತ ಯಾರೋ ಅವನಿಗೆ ಹೇಳಿದ್ರಂತೆ. ತೆರೆಯೋದು ಹೇಗೆ ಅಂತ ಗೊತ್ತಿಲ್ಲದಿದ್ರೂ ಎಲ್ಲವನ್ನೂ ಮೂರು ಹಾರ್ಡ್ ಡಿಸ್ಕಿನಲ್ಲಿ, ಮೂರು ಊರಲ್ಲಿ ಇಟ್ಟಿದ್ದ! ನಮ್ಮ ಕಂಪನಿಯ ಬ್ಯಾಕಪ್ ಪಾಲಿಸಿಗಿಂತ ವಾಸಿ :)

ಈಗ ಸ್ವಲ್ಪ ತಾಂತ್ರಿಕ. ಹೆದರಬೇಡಿ, ಕಬ್ಬಿನ ಭಾಷೆಯಲ್ಲೇ ಹೇಳ್ತೀನಿ. ರಾ ಅಂದ್ರೆ ಕಬ್ಬಿನ ಹಾಲು, ಜೆಪೆಗ್ ಅಂದ್ರೆ ಬೆಲ್ಲ. ಬೆಲ್ಲ ಕಟ್ಟೋಕೆ ಸುಲಭ, ಹಂಚೋಕೆ ಸುಲಭ, ತಿನ್ನೋಕೂ ಸುಲಭ. ಆದ್ರೆ ಬೆಲ್ಲದಿಂದ ಹಾಲಿಗೆ ವಾಪಸ್ ಹೋಗೋಕೆ ಆಗಲ್ಲ. ಕ್ಯಾಮೆರಾ ಜೆಪೆಗ್ ಮಾಡೋವಾಗ ಬಣ್ಣ ಹೇಗಿರಬೇಕು, ಎಷ್ಟು ಗಾಢ, ಎಷ್ಟು ಚೂಪು ಅಂತ ತಾನೇ ತೀರ್ಮಾನ ಮಾಡಿ ಉಳಿದದ್ದನ್ನ ಚೆಲ್ಲಿಬಿಡುತ್ತೆ.

ಎಷ್ಟು ಚೆಲ್ಲುತ್ತೆ ಅಂತೀರಾ? ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 8 ಬಿಟ್, ಅಂದ್ರೆ 256 ಮೆಟ್ಟಿಲು. 14 ಬಿಟ್ ರಾದಲ್ಲಿ 16,384 ಮೆಟ್ಟಿಲು. ಇನ್ನೊಂದು ಸ್ವಾರಸ್ಯ. ಸೆನ್ಸರಿನ ಪ್ರತಿ ಚುಕ್ಕೆ ಒಂದೇ ಒಂದು ಬಣ್ಣ ನೋಡುತ್ತೆ. ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ ಅನ್ನೋ ವಿಜ್ಞಾನಿ ಮಾಡಿದ ವ್ಯವಸ್ಥೆ ಇದು. ಪೇಟೆಂಟ್ ಸಿಕ್ಕಿದ್ದು 1976ರಲ್ಲಿ. ನಾಲ್ಕು ಚುಕ್ಕೆಯ ಒಂದು ಚೌಕದಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಅಂದ್ರೆ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 12 ಮೆಗಾ ಹಸಿರು, ತಲಾ 6 ಮೆಗಾ ಕೆಂಪು ಮತ್ತು ನೀಲಿ. ಪ್ರತಿ ಚುಕ್ಕೆಯಲ್ಲೂ ಉಳಿದ ಎರಡು ಬಣ್ಣ ಅಕ್ಕಪಕ್ಕದವರನ್ನ ಕೇಳಿ ಅಂದಾಜು ಮಾಡಿದ್ದು. ಇದಕ್ಕೆ ಡಿಮೊಸೈಕಿಂಗ್ ಅಂತಾರೆ.

ಇನ್ನು ಭಂಡಾರದ ವಿಷಯ. ಬಿಸಿಲಲ್ಲಿ ಅರಿಶಿನ ಕೆಂಪನ್ನೂ ಹಸಿರನ್ನೂ ಜೋರಾಗಿ ಹಿಂದಿರುಗಿಸುತ್ತೆ, ನೀಲಿಯನ್ನ ನುಂಗುತ್ತೆ. ಬಿಸಿಲಿನ ವೈಟ್ ಬ್ಯಾಲೆನ್ಸಿಗೆ ಕೆಂಪನ್ನ ಬಹಳಷ್ಟು ಕ್ಯಾಮೆರಾಗಳಲ್ಲಿ ಹೆಚ್ಚುಕಡಿಮೆ ಎರಡರಿಂದ ಗುಣಿಸ್ತಾರೆ. ಸೆನ್ಸರಿನಲ್ಲಿ ಅರ್ಧ ತುಂಬಿದ ಕೆಂಪು ಗುಣಿಸಿದ ಮೇಲೆ ಪೂರ್ತಿ ತುಂಬಿ ಬಿಡುತ್ತೆ, ಜೆಪೆಗ್‌ನಲ್ಲಿ ಅದು ಗೋಡೆಗೆ ತಾಗಿ ಚಪ್ಪಟೆ. ಹಾಗಾಗಿ ಆಯಿಯ ಹಣೆಯ ಭಂಡಾರ ಜೆಪೆಗ್‌ನಲ್ಲಿ ಬಣ್ಣದ ಒಂದು ಪಟ್ಟಿ ಮಾತ್ರ, ಪುಡಿಯ ಕಣ ಕಾಣಲ್ಲ. ರಾ ಫೈಲಿನಲ್ಲಿ ಆ ಕಣಗಳೆಲ್ಲ ಇನ್ನೂ ಬದುಕಿವೆ. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿದ್ರೆ ಎದ್ದು ಬರ್ತವೆ.

ಸರಿ, ರಾ ಇದೆ. ಡೆವಲಪ್ ಮಾಡೋ ಸಾಫ್ಟ್‌ವೇರುಗಳಿಗೂ ಬರ ಇಲ್ಲ. ಡೇವ್ ಕಾಫಿನ್ ಅನ್ನೋ ಪ್ರೋಗ್ರಾಮರ್ 1997ರಲ್ಲಿ ಡಿಸಿರಾ ಅನ್ನೋ ಪುಟ್ಟ ಸಿ ಪ್ರೋಗ್ರಾಂ ಶುರು ಮಾಡಿದ. ಒಂದೊಂದು ಕ್ಯಾಮೆರಾ ಕಂಪನಿಯ ಗುಟ್ಟಿನ ಫಾರ್ಮ್ಯಾಟನ್ನೂ ಬಿಡಿಸಿ ಓದೋ ಪ್ರೋಗ್ರಾಂ ಅದು. ಎಷ್ಟೋ ಸಾಫ್ಟ್‌ವೇರುಗಳು ಅವನ ಕೋಡಿನ ಹೆಗಲ ಮೇಲೆ ನಿಂತಿವೆ. ಅಡೋಬಿಯ ಲೈಟ್‌ರೂಮ್ 1.0 ಬಂದಿದ್ದು 2007ರಲ್ಲಿ. ರಾ ಥೆರಪಿ 2010ರಲ್ಲಿ ಮುಕ್ತ ತಂತ್ರಾಂಶ ಆಯ್ತು. ಡಾರ್ಕ್‌ಟೇಬಲ್ 2009ರಲ್ಲಿ ಶುರುವಾಗಿ 2017ರ ಕೊನೆಗೆ ವಿಂಡೋಸಿಗೂ ಬಂತು. ಲೈಟ್‌ರೂಮನ್ನು ಒಮ್ಮೆ ದುಡ್ಡು ಕೊಟ್ಟು ಕೊಂಡು ಇಟ್ಟುಕೊಳ್ಳೋ ಕಾಲ 2015ರ ಆರನೇ ಆವೃತ್ತಿಗೆ ಮುಗೀತು, ಈಗ ಚಂದಾ ವ್ಯವಸ್ಥೆ. ಆರು ತಿಂಗಳು ಮದುವೆ, ಆರು ತಿಂಗಳು ಖಾಲಿ ಇರೋ ಸ್ಟುಡಿಯೋಗೆ ತಿಂಗಳ ಕಂತು ಕಷ್ಟ. ಹಾಗಾಗಿ ಕಾಕಾಗೆ ಪುಕ್ಕಟೆ ಸಿಗೋ ಮುಕ್ತ ಸಾಫ್ಟ್‌ವೇರೊಂದನ್ನ ಹಾಕಿಕೊಟ್ಟೆ. ಯಾವುದು ಅಂತ ಹೆಸರು ಬೇಡ. ನಾನು ಕೆಳಗೆ ಹೇಳೋದು ಹೆಚ್ಚುಕಡಿಮೆ ಎಲ್ಲದಕ್ಕೂ ಅನ್ವಯಿಸುತ್ತೆ.

ಆಮೇಲೆ ಕೈ ಕಟ್ಟಿಕೊಂಡು ಅವನ ಹಿಂದೆ ಕೂತೆ. ನಮ್ಮ ಆಫೀಸಲ್ಲಿ ಇದಕ್ಕೆ ಯೂಸಬಿಲಿಟಿ ಟೆಸ್ಟ್ ಅಂತಾರೆ. ಬಳಸುವವನಿಗೆ ಏನೂ ಹೇಳಿಕೊಡದೆ, ಅವನು ಎಲ್ಲಿ ತಡವರಿಸ್ತಾನೆ ಅಂತ ನೋಡೋದು. ಅಲ್ಲಿ ಒಬ್ಬರನ್ನ ಕರೆಸೋಕೆ ಹತ್ತು ಇಮೇಲ್ ಬೇಕು. ರಾಯಬಾಗದಲ್ಲಿ ಒಂದು ಚಾ ಸಾಕು.

ಮೊದಲ ತಡವರಿಕೆ, ಸೇವ್ ಬಟನ್. ಕಾಕಾ ಬೆಳಕು ಸ್ವಲ್ಪ ಏರಿಸಿದ. ಚೆನ್ನಾಯ್ತು. ಆಮೇಲೆ ಮೌಸ್ ಹಿಡಿದು ಪರದೆಯ ನಾಲ್ಕೂ ಮೂಲೆ ಸುತ್ತಿದ. "ಸೇವ್ ಎಲ್ಲೈತಿ?" ಇಲ್ಲ! ರಾ ಡೆವಲಪರ್‌ಗಳಲ್ಲಿ ಸಾಮಾನ್ಯವಾಗಿ ಸೇವ್ ಇರೋದೇ ಇಲ್ಲ. ಮಾಡಿದ ಪ್ರತಿ ಬದಲಾವಣೆಯೂ ಆಗಿಂದಾಗ್ಗೆ ದಾಖಲಾಗುತ್ತೆ, ಲೈಟ್‌ರೂಮ್ ಆದ್ರೆ ಅದರ ಕ್ಯಾಟಲಾಗಿನಲ್ಲಿ, ಡಾರ್ಕ್‌ಟೇಬಲ್ ಆದ್ರೆ ಫೋಟೋ ಪಕ್ಕದಲ್ಲೇ ಎಕ್ಸ್‌ಎಂಪಿ ಅನ್ನೋ ಸಣ್ಣ ಫೈಲಿನಲ್ಲೂ. ಮೂಲ ಫೈಲನ್ನ ಯಾರೂ ಮುಟ್ಟಲ್ಲ. ಇಂಜಿನಿಯರ್ ಕಣ್ಣಿಗೆ ಇದು ಬಹಳ ಸುಂದರ ವಿನ್ಯಾಸ. ಆದ್ರೆ ಇಪ್ಪತ್ತು ವರ್ಷ ಕರೆಂಟು ಹೋಗೋ ಊರಲ್ಲಿ ಕಂಟ್ರೋಲ್ ಎಸ್ ಒತ್ತುತ್ತಾ ಬದುಕಿದವನಿಗೆ ಅದು ನೆಲ ಇಲ್ಲದ ಮೆಟ್ಟಿಲು. "ಉಳದೈತೋ ಇಲ್ಲೋ ಹೆಂಗ ಗೊತ್ತಾಗತೈತಿ?" ಅಂತ ಕೇಳಿದ. ಯೂಸಬಿಲಿಟಿ ಪಂಡಿತ ಜೇಕಬ್ ನೀಲ್ಸನ್ 1994ರಲ್ಲಿ ಬರೆದ ಹತ್ತು ಸೂತ್ರಗಳಲ್ಲಿ ಮೊದಲನೆಯದು ಇದೇ. ವ್ಯವಸ್ಥೆ ಈಗ ಯಾವ ಸ್ಥಿತಿಯಲ್ಲಿದೆ ಅಂತ ಬಳಸುವವನಿಗೆ ಕಾಣ್ತಿರಬೇಕು. ಕಾಕಾ ನೀಲ್ಸನ್ನನ್ನ ಓದಿಲ್ಲ. ಓದದೇ ಕೇಳಿದ.

ಜಿಂಪ್‌ನಲ್ಲಿ ಇದೇ ಗೊಂದಲದ ಇನ್ನೊಂದು ಮುಖ ಇದೆ. 2012ರಲ್ಲಿ ಬಂದ 2.8ನೇ ಆವೃತ್ತಿಯಿಂದ ಸೇವ್ ಅಂದ್ರೆ ಅದರ ಸ್ವಂತ ಎಕ್ಸ್‌ಸಿಎಫ್ ಫಾರ್ಮ್ಯಾಟು ಮಾತ್ರ, ಜೆಪೆಗ್ ಬೇಕಿದ್ರೆ ಎಕ್ಸ್‌ಪೋರ್ಟ್ ಮಾಡ್ಬೇಕು. ಕೆಲಸದ ಕಡತ ಬೇರೆ, ಕೊಡುವ ಚಿತ್ರ ಬೇರೆ ಅನ್ನೋ ತರ್ಕ ಸರಿಯೇ. ಆದ್ರೂ ಬಹಳ ಜನ ಗೊಣಗಿದ್ರು. ಆದ್ರೆ ಕಾಕಾಗೆ, "ರಾ ಅಂದ್ರ ನೆಗೆಟಿವ್, ಎಕ್ಸ್‌ಪೋರ್ಟ್ ಅಂದ್ರ ಪ್ರಿಂಟ್ ಹಾಕೂದು" ಅಂದ ಕೂಡಲೇ ತಿಳೀತು. "ಹಂಗ ಬರೀಬೇಕಿಲ್ಲೇನ ಮತ್ತ!" ಅಂದ. ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಎರಡನೆಯದು ಕ್ರಮ. ಡಾರ್ಕ್‌ರೂಮಿನಲ್ಲಿ ಕೈ ಮಾಡಿದ ಕ್ರಮವೇ ಕ್ರಮ. ಹೈಪೋಗೆ ಮೊದಲು ಹಾಕಿ ಆಮೇಲೆ ಡೆವಲಪರಿಗೆ ಹಾಕಿದ್ರೆ ಖಾಲಿ ಕಾಗದ ಸಿಗುತ್ತೆ. ರಾ ಸಾಫ್ಟ್‌ವೇರಿನಲ್ಲಿ ಹಾಗಲ್ಲ. ನೀವು ಯಾವುದನ್ನ ಮೊದಲು ಒತ್ತಿದ್ರೂ ಅದು ತನ್ನದೇ ಕ್ರಮದಲ್ಲಿ ಲೆಕ್ಕ ಹಾಕುತ್ತೆ. ಡಾರ್ಕ್‌ಟೇಬಲ್‌ನಲ್ಲಂತೂ ಮಾಡ್ಯೂಲ್‌ಗಳ ಪಟ್ಟಿ ಕೆಳಗಿನಿಂದ ಮೇಲಕ್ಕೆ ಹರಿಯುತ್ತೆ. ತಳದಲ್ಲಿ ಸೆನ್ಸರು, ತುದಿಯಲ್ಲಿ ಪರದೆ. ಗಣಿತಕ್ಕೆ ಇದೇ ಸರಿ. ಬೆಳಕಿನ ಲೆಕ್ಕ ಬೆಳಕಿನ ಹಂತದಲ್ಲೇ ಆಗ್ಬೇಕು, ಪರದೆಯ ಲೆಕ್ಕ ಕೊನೆಗೆ. ಆದ್ರೆ ಮೇಲಿಂದ ಕೆಳಗೆ ಓದೋ ಮನುಷ್ಯನಿಗೆ ಅದನ್ನ ಯಾರಾದ್ರೂ ಹೇಳ್ಬೇಕು. ಕಾಕಾ ಕೇಳಿಸಿಕೊಂಡು, "ಅಂದ್ರ ನಾ ಟ್ರೇ ಹೆಂಗರ ಇಡಲಿ, ಅದು ಒಳಗ ತಾನ ಸರಿ ಇಟ್ಕೋತೈತಿ. ಛಲೋ ಆತು" ಅಂದ. ಎಷ್ಟೋ ಟ್ಯುಟೋರಿಯಲ್ ವಿಡಿಯೋಗಳಿಗಿಂತ ಚೊಕ್ಕ ವಿವರಣೆ.

ಮೂರನೆಯದು ನನಗೆ ಪಾಠ ಆದದ್ದು. ಫೋಟೋಶಾಪಿನಲ್ಲಿ ಡಾಡ್ಜ್ ಅನ್ನೋ ಟೂಲಿಗೆ ಕಡ್ಡಿಗೆ ಸಿಕ್ಕಿಸಿದ ಕಪ್ಪು ಬಿಲ್ಲೆಯ ಚಿತ್ರ ಇದೆ. ಬರ್ನ್ ಅನ್ನೋದಕ್ಕೆ ಮಡಿಸಿದ ಕೈ. ಇಂಜಿನಿಯರಿಂಗ್ ಓದೋವಾಗಿಂದ ನನಗೆ ಅದು ಲಾಲಿಪಾಪ್! ಯಾಕೆ ಲಾಲಿಪಾಪ್ ಅಂತ ಯಾರೂ ಹೇಳಿರಲಿಲ್ಲ. ಕಾಕಾ ನೋಡಿದ ಕೂಡಲೇ, "ಏ ಇದು ನಮ್ಮ ಕಡ್ಡಿಲೇ!" ಅಂದ. ಎನ್‌ಲಾರ್ಜರಿನ ಬೆಳಕಿಗೆ ಅಡ್ಡ ಹಿಡಿಯೋಕೆ ತಂತಿಗೆ ರಟ್ಟಿನ ಬಿಲ್ಲೆ ಸಿಕ್ಕಿಸಿಕೊಳ್ತಿದ್ದರಂತೆ. ಬೆಳಕು ತಡೆದ ಜಾಗ ಪ್ರಿಂಟಿನಲ್ಲಿ ತಿಳಿಯಾಗುತ್ತೆ. ಕೈ ಮಡಿಸಿ ನಡುವೆ ತೂತು ಬಿಟ್ರೆ ಆ ತೂತಿನ ಜಾಗ ಮಾತ್ರ ಸುಟ್ಟು ಗಾಢವಾಗುತ್ತೆ. ಗೋಡೆಯ ಮೇಲೆ ಕೈಯ ನೆರಳಿನಲ್ಲಿ ಮಾಡಿ ತೋರಿಸಿದ. ಅನ್‌ಶಾರ್ಪ್ ಮಾಸ್ಕ್ ಅನ್ನೋ ವಿಚಿತ್ರ ಹೆಸರೂ ಡಾರ್ಕ್‌ರೂಮಿನಿಂದಲೇ ಬಂದದ್ದು. ನೋಡಿ, ಈ ಸಾಫ್ಟ್‌ವೇರಿನ ಅರ್ಧ ಭಾಷೆ ಕಾಕಾನ ಭಾಷೆ. ಅವನ ಕೋಣೆಯಿಂದ ಎರವಲು ತಂದು, ಇಂಗ್ಲಿಷಿನಲ್ಲಿ ಸುತ್ತಿ, ನೂರು ಸ್ಲೈಡರುಗಳ ನಡುವೆ ಹೂತಿಟ್ಟು, ಅವನಿಗೇ "ನಿಮಗೆ ಕಂಪ್ಯೂಟರ್ ಬರಲ್ಲ" ಅಂತ ಹೇಳಿದ ಹಾಗಿದೆ.

ನಾಲ್ಕನೆಯದು, ಟೆಸ್ಟ್ ಸ್ಟ್ರಿಪ್. ಹಳೆ ಕಾಲದಲ್ಲಿ ಒಂದು ಪಟ್ಟಿ ಕಾಗದಕ್ಕೆ ಎರಡು, ನಾಲ್ಕು, ಆರು, ಎಂಟು ಸೆಕೆಂಡ್ ಅಂತ ಬೇರೆ ಬೇರೆ ಹೊತ್ತು ಬೆಳಕು ಕೊಟ್ಟು, ಯಾವುದು ಚೆನ್ನ ಅಂತ ಕಣ್ಣಲ್ಲಿ ನೋಡಿ ಆರಿಸ್ತಿದ್ರು. ಸ್ಲೈಡರು ಇದಕ್ಕೆ ತದ್ವಿರುದ್ಧ. ಒಂದು ಸಂಖ್ಯೆ ತೋರಿಸಿ "ಎಷ್ಟು ಬೇಕು?" ಅಂತ ಕೇಳುತ್ತೆ. ಮನುಷ್ಯ ಹೋಲಿಸಿ ಆರಿಸ್ತಾನೆ, ಸಂಖ್ಯೆ ಕೊಟ್ಟು ಆರಿಸಲ್ಲ. ಒಂದೇ ಫೋಟೋದ ಐದು ನಕಲು ಮಾಡಿ, ಅರ್ಧರ್ಧ ಸ್ಟಾಪ್ ಅಂತರದಲ್ಲಿ ಸಾಲಾಗಿ ಇಟ್ಟುಕೊಟ್ಟೆ. ಇವು ಫೈಲಿನ ನಕಲಲ್ಲ, ಬರೀ ಸೂಚನೆಗಳ ನಕಲು, ಜಾಗ ತಿನ್ನಲ್ಲ. ಕಾಕಾ ಎರಡು ಸೆಕೆಂಡಿನಲ್ಲಿ "ಮೂರನೇದು" ಅಂದ. ಸ್ಟಾಪ್ ಅನ್ನೋ ಪದವಂತೂ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಆಯಿಯ ಫೋಟೋಗೆ ಬರ್ತೀನಿ. ಮೊದಲ ಪ್ರಶ್ನೆ, ನಿಜವಾದ ಬಣ್ಣ ಯಾವುದು? ವೈಟ್ ಬ್ಯಾಲೆನ್ಸ್ ಸರಿ ಮಾಡೋಕೆ ಫೋಟೋದಲ್ಲಿ ಬಣ್ಣವಿಲ್ಲದ ಒಂದು ವಸ್ತು ತೋರಿಸಿ "ಇದು ಬಿಳಿ" ಅಥವಾ "ಇದು ಬೂದು" ಅನ್ನಬೇಕು. ಆ ಫ್ರೇಮಿನಲ್ಲಿ ಬಿಳಿ ಅನ್ನೋದೇ ಇಲ್ಲ, ಎಲ್ಲಾ ಭಂಡಾರ. ಕಾಕಾ ಆ ದಿನದ ಫೋಟೋಗಳನ್ನೆಲ್ಲ ಹಿಂದೆ ಮುಂದೆ ಸರಿಸಿ, ಅದಕ್ಕೂ ಎರಡು ನಿಮಿಷ ಮೊದಲು ತೆಗೆದ ಒಂದು ಫೋಟೋ ಹುಡುಕಿದ. ಅದೇ ಬಿಸಿಲು, ಚಕ್ಕಡಿಗೆ ಕಟ್ಟಿದ ಖಿಲಾರಿ ಎತ್ತು. ಕೋಡಿಗೆ ಭಂಡಾರ ಬಿದ್ದಿದೆ, ಪಕ್ಕೆ ಇನ್ನೂ ಸ್ವಚ್ಛ, ತಿಳಿ ಬೂದು ಬಿಳುಪು. "ಎತ್ತಿನ ಮೈ ಸುಳ್ಳ ಹೇಳಂಗಿಲ್ಲ" ಅಂದ. ಎತ್ತಿನ ಪಕ್ಕೆಯ ಮೇಲೆ ಕ್ಲಿಕ್ ಮಾಡಿ ಬಣ್ಣ ಸರಿ ಮಾಡಿದ್ವಿ. ಆ ವೈಟ್ ಬ್ಯಾಲೆನ್ಸನ್ನ ನಕಲಿಸಿ ಆಯಿಯ ಫೋಟೋಗೆ ಅಂಟಿಸಿದ್ವಿ. ನೀಲಿ ಪೊರೆ ಕಳಚಿದ ಹಾಗೆ ಹಳದಿ ಎದ್ದು ಬಂತು. ಕಾಕಾ ಉಸಿರು ಬಿಟ್ಟ ಸದ್ದು ನನಗೆ ಕೇಳಿಸ್ತು.

ಆಮೇಲೆ ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿದ. ಹಣೆಯ ಮೇಲಿನ ಭಂಡಾರದಲ್ಲಿ ಪುಡಿ ಪುಡಿ ಕಣ ಕಾಣಿಸಿದವು. ಸೆರಗಿನ ನೆರಳಿನಲ್ಲಿದ್ದ ಕಣ್ಣುಗಳನ್ನ ಮಾತ್ರ ಒಂದು ಸಣ್ಣ ಮಾಸ್ಕ್ ಹಾಕಿ ಸ್ವಲ್ಪ ತಿಳಿ ಮಾಡಿದ. ಅದೇ ಅವನ ಹಳೆಯ ಕಡ್ಡಿ ಬಿಲ್ಲೆ. ನಾನು ಚರ್ಮದ ಬಣ್ಣಕ್ಕೆ ಏನಾದ್ರೂ ಮಾಡೋಣವಾ ಅಂತ ಕೇಳಿದೆ. "ಏನೂ ಮುಟ್ಟಬ್ಯಾಡ. ನಮ್ಮವ್ವ ಕರೀಕ ಇದ್ದಳು" ಅಂದ. ದನಿ ಸ್ವಲ್ಪ ಗಟ್ಟಿಯಾಗಿತ್ತು.

ಇದು ಬರೀ ನಮ್ಮ ಲ್ಯಾಬುಗಳ ಚಾಳಿ ಅಲ್ಲ ಅಂತ ಅವನಿಗೆ ಹೇಳಿದೆ. ಕಲರ್ ಫಿಲ್ಮಿನ ಕಾಲದಲ್ಲಿ ಕೊಡ್ಯಾಕ್ ಲ್ಯಾಬುಗಳಿಗೆ ಬಣ್ಣ ಹೊಂದಿಸೋಕೆ ಅಂತ ಒಂದು ಕಾರ್ಡ್ ಕಳಿಸ್ತಿತ್ತು. ಶರ್ಲಿ ಕಾರ್ಡ್ ಅಂತ ಹೆಸರು. ಅದರಲ್ಲಿ ಇರ್ತಿದ್ದದ್ದು ಬಿಳಿಯ ಹೆಂಗಸಿನ ಚಿತ್ರ. ಅವಳ ಮುಖ ಸರಿ ಬಂದ್ರೆ ಯಂತ್ರ ಸರಿ ಇದೆ ಅಂತ ಲೆಕ್ಕ. ಕಪ್ಪು ಮೈಬಣ್ಣದವರ ಮುಖ ಹೇಗೆ ಬರುತ್ತೆ ಅನ್ನೋದು ದಶಕಗಳ ಕಾಲ ಆ ಲೆಕ್ಕದಲ್ಲೇ ಇರಲಿಲ್ಲ. ಡೀಫಾಲ್ಟ್ ಅನ್ನೋದು ಯಾರೋ ಎಲ್ಲೋ ಕೂತು ತೆಗೆದುಕೊಂಡ ತೀರ್ಮಾನ. ಜೆಪೆಗ್ ಆಗ್ಲಿ, ಪ್ರಿಸೆಟ್ ಆಗ್ಲಿ, ಫೋನಿನ ಬ್ಯೂಟಿ ಮೋಡ್ ಆಗ್ಲಿ, ಎಲ್ಲದರೊಳಗೂ ಯಾರದೋ ಒಂದು ಮುಖ ಕೂತಿದೆ. ರಾ ಬಳಸೋದು ಅಂದ್ರೆ ಆ ತೀರ್ಮಾನವನ್ನ ನಮ್ಮ ಕೈಗೆ ವಾಪಸ್ ತಗೊಳ್ಳೋದು. ಗೆಳೆಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಆ ಹದಿನೈದು ದಿನದಲ್ಲಿ ಇಬ್ಬರೂ ಗಾಡಿ ತಗೊಂಡು ಸುತ್ತಾಡಿದ್ವಿ, ಅಭ್ಯಾಸಕ್ಕೆ ಅಂತ. ಅಥಣಿಯಲ್ಲಿ ಚಪ್ಪಲಿ ಹೊಲಿಯೋರ ಕೈಗಳ ಫೋಟೋ ತೆಗೆದ್ವಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಕರ್ನಾಟಕದ ನಾಲ್ಕು ಜಿಲ್ಲೆಗಳ ಸಾಲಿನಲ್ಲಿ ನಮ್ಮ ಬೆಳಗಾವಿಯೂ ಇತ್ತು. ಹದ ಮಾಡಿದ ತೊಗಲಿನ ಕಂದು ಬಣ್ಣ, ಅದರ ಮೇಲೆ ಅದೇ ಕಂದಿನ ಕೈ. ಆಟೋ ವೈಟ್ ಬ್ಯಾಲೆನ್ಸಿಗೆ ಇದೂ ಭಂಡಾರದಂಥದೇ ಪರೀಕ್ಷೆ. ಇನ್ನೊಂದು ದಿನ ಹೊಳೆ ಆಚೆ, ಮಹಾರಾಷ್ಟ್ರದ ಖಿದ್ರಾಪುರಕ್ಕೆ ಹೋದ್ವಿ. ಕೋಪೇಶ್ವರ ದೇವಸ್ಥಾನ, ಹನ್ನೆರಡನೇ ಶತಮಾನದ್ದು. ಗಡಿ ಆಚೆ ಇದ್ರೂ ಅಲ್ಲಿ ಕನ್ನಡ ಶಾಸನಗಳಿವೆ. ಅದರ ಸ್ವರ್ಗಮಂಟಪಕ್ಕೆ ನಡುವೆ ಚಾವಣಿ ಇಲ್ಲ, ದುಂಡಗಿನ ಆಕಾಶ. ಸುತ್ತ 48 ಕಂಬಗಳು ನೆರಳಲ್ಲಿ. ಆಕಾಶಕ್ಕೆ ಹೊಂದಿಸಿದ್ರೆ ಕಂಬ ಕಪ್ಪು, ಕಂಬಕ್ಕೆ ಹೊಂದಿಸಿದ್ರೆ ಆಕಾಶ ಸುಣ್ಣ. ಇಲ್ಲಿ ಆಕಾಶ ಸುಡದ ಹಾಗೆ ಎಕ್ಸ್‌ಪೋಷರ್ ಇಟ್ಟು ರಾ ತೆಗೆದು, ಮನೆಗೆ ಬಂದು ನೆರಳು ಎತ್ತಿದ್ರೆ ಎರಡೂ ಸಿಗುತ್ತೆ. ಆದ್ರೆ ಪೂರ್ತಿ ಎತ್ತಬಾರದು. "ನೆರಳ ಇರೂದಕ್ಕ ಅದು ಗುಡಿ. ಎಲ್ಲಾ ಬೆಳಕ ಮಾಡಿದ್ರ ಮಾಲ್ ಆಗತೈತಿ" ಇದು ಕಾಕಾನ ಸೂತ್ರ.

ಇನ್ನೊಂದು ವಿಷಯ ಹೇಳದೇ ಇದ್ರೆ ಕನ್ನಡ ಬ್ಲಾಗಿಗನಾಗಿ ನನಗೆ ಸಮಾಧಾನ ಇಲ್ಲ. ಆಲ್ಬಮ್ಮಿನ ಮೇಲೆ ಹೆಸರು ಬರೀಬೇಕಲ್ಲ. ನಿಪ್ಪಾಣಿಯ ಗಿರಾಕಿಗೆ ಒಮ್ಮೆ ಮರಾಠಿ ಬೇಕು, ಚಿಕ್ಕೋಡಿಯವರಿಗೆ ಕನ್ನಡ. ಹಳೆಯ ಫೋಟೋಶಾಪ್ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಹಾಕಿದ್ರೆ ಒತ್ತಕ್ಷರ ಬಿಚ್ಚಿ ಚೆಲ್ಲಾಪಿಲ್ಲಿ ಆಗ್ತಿತ್ತು. "ಲಕ್ಷ್ಮೀ" ಅನ್ನೋ ಹೆಸರು ಮೂರು ತುಂಡು. ಹಾಗಾಗಿ ಸ್ಟುಡಿಯೋಗಳು ಹಳೆಯ ಆಸ್ಕಿ ಫಾಂಟುಗಳಿಗೇ ಅಂಟಿಕೊಂಡವು. ಆಮೇಲಿನ ಆವೃತ್ತಿಗಳಲ್ಲಿ ಪ್ರಿಫರೆನ್ಸಿನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಲಿಪಿಗಳಿಗೆ ಒಂದು ಆಯ್ಕೆ ಬಂತು. ಅದನ್ನ ಆರಿಸಿದ್ರೆ ಕನ್ನಡ ಸರಿಯಾಗೇ ಮೂಡುತ್ತೆ. ನಾನು ಅದನ್ನ ಕಾಕಾನ ಪಕ್ಕದ ಸ್ಟುಡಿಯೋದವರಿಗೆ ತೋರಿಸಿದಾಗ ಅವರು ಆ ಮೆನು ನೋಡಿದ್ದೇ ಮೊದಲ ಸಲ. ಸೌಲಭ್ಯ ಇದ್ದು ಕಾಣದೇ ಇದ್ರೆ ಅದು ಇದ್ದ ಹಾಗಾ, ಇಲ್ಲದ ಹಾಗಾ? ನೀವೇ ಹೇಳಿ.

ಊರು ಬಿಡೋ ಮುಂಚೆ ಕಾಕಾಗೆ ಒಂದು ಹಾಳೆ ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದೆ. ನೂರು ಮಾಡ್ಯೂಲಿನಲ್ಲಿ ಆರು ಮಾತ್ರ. ಪದಗಳೆಲ್ಲ ಅವನವೇ. ವೈಟ್ ಬ್ಯಾಲೆನ್ಸಿಗೆ "ಬಣ್ಣದ ತೂಕ". ಎಕ್ಸ್‌ಪೋಷರಿಗೆ "ಬೆಳಕು". ಹೈಲೈಟಿಗೆ "ಉರಿ". ಶ್ಯಾಡೋಗೆ "ನೆರಳು". ಕಾಂಟ್ರಾಸ್ಟಿಗೆ "ಖಡಕ್". ಎಕ್ಸ್‌ಪೋರ್ಟಿಗೆ "ಪ್ರಿಂಟ್ ಹಾಕು". ಉಳಿದ ಮಾಡ್ಯೂಲುಗಳನ್ನ ಕಾಣದ ಹಾಗೆ ಮಡಿಸಿಟ್ಟೆ. ಬಹಳಷ್ಟು ಸಾಫ್ಟ್‌ವೇರುಗಳಲ್ಲಿ ಬೇಕಾದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನ ಮರೆಸೋ ಅನುಕೂಲ ಇದೆ, ನೀವೂ ಮಾಡಿ ನೋಡಿ. ಅರ್ಧ ಭಯ ಹೋಗುತ್ತೆ.

ಈ ಹಾಳೆಯಿಂದಲೇ ಇನ್ನೊಂದು ಯೋಚನೆ ಹುಟ್ಟಿದೆ. ಮುಕ್ತ ತಂತ್ರಾಂಶಗಳ ಪರದೆಯ ಪದಗಳೆಲ್ಲ ಪಿಒ ಅನ್ನೋ ಒಂದು ಸಾದಾ ಪಠ್ಯ ಫೈಲಿನಲ್ಲಿ ಇರ್ತವೆ. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ನಮ್ಮ ಸಾಲು. ಪ್ರೋಗ್ರಾಮಿಂಗ್ ಬರಬೇಕಂತಿಲ್ಲ, ಕನ್ನಡ ಬಂದ್ರೆ ಸಾಕು. ನಾನು ಶುರು ಮಾಡಿದ್ದೀನಿ. ಪ್ರತಿ ಭಾನುವಾರ ಕಾಕಾಗೆ ಫೋನ್ ಮಾಡಿ ಹತ್ತು ಪದ ಕೇಳ್ತೀನಿ. "ವಿಗ್ನೆಟ್" ಅನ್ನೋದಕ್ಕೆ ಹೋದ ವಾರ ಜಗಳ ಆಯ್ತು. ನಾನು "ಅಂಚುಗಪ್ಪು" ಅಂದೆ. ಅವನು "ಮೂಲಿಗತ್ತಲ" ಅಂದ. ನನಗೆ ಅವನದೇ ಹಿಡಿಸ್ತು. ನಿಮ್ಮ ಊರಲ್ಲೂ ಡಾರ್ಕ್‌ರೂಮಿನಲ್ಲಿ ಕೆಲಸ ಮಾಡಿದ ಹಿರಿಯರು ಇದ್ದೇ ಇರ್ತಾರೆ. ಅವರ ಪದಗಳನ್ನ ಕೇಳಿ ಬರೆದಿಟ್ಟುಕೊಳ್ಳಿ, ಸಾಧ್ಯವಾದ್ರೆ ನನಗೂ ತಿಳಿಸಿ. ಮಂಗಳೂರಿನ ಸ್ಟುಡಿಯೋದವರು ಏನಂತಿದ್ರು, ಮೈಸೂರಿನವರು ಏನಂತಿದ್ರು ಅಂತ ತಿಳಿಯೋ ಆಸೆ ಇದೆ.

ಲ್ಯಾಬಿನಿಂದ ಬಂದಿದ್ದ ಮೊದಲ ಫ್ರೇಮಿನೊಳಗೇ ಹೊಸ ಪ್ರಿಂಟು ಸೇರಿಸಿ ಗೋಡೆಗೆ ಹಾಕಿದ್ದೇವೆ. ದೊಡ್ಡ ಅತ್ತೆ ಬಂದು ಬಹಳ ಹೊತ್ತು ನೋಡಿ, ಸೆರಗಿನ ತುದಿಯಿಂದ ಗಾಜಿನ ಮೇಲಿನ ಹಳದಿ ಒರೆಸೋಕೆ ಹೋದಳು. ಸ್ಟುಡಿಯೋ ಬಂದ್ ಮಾಡೋ ಮಾತನ್ನ ಕಾಕಾ ಮತ್ತೆ ಎತ್ತಿಲ್ಲ. ಬರೋ ಸೀಜನ್ನಿಗೆ ಹನ್ನೊಂದು ಮದುವೆ ಒಪ್ಪಿಕೊಂಡಿದ್ದಾನೆ. ಎಲ್ಲಾ ರಾದಲ್ಲೇ ತೆಗೀತಾನಂತೆ. ನಾಲ್ಕನೇ ಹಾರ್ಡ್ ಡಿಸ್ಕಿಗೆ ದುಡ್ಡು ನಾನು ಕೊಡಬೇಕಂತೆ :)